ಎಡಕ್ಕೆ ಬಿದ್ದ ಹೂವು

ಇವತ್ತು ಬೆಳಿಗ್ಗೆ ದೇವರ ಗೂಡು ಒರೆಸಿ ಪಟಕ್ಕೆ ಹೂವಿಡುತ್ತಿದ್ದೆ. ಹಿತ್ತಲಿನ ಕೆಂಪು ಕಣಗಿಲೆ. ಬುಟ್ಟಿಯ ಮೇಲೆ ಮೊಮ್ಮಗಳು ಚೊಂಬಿನ ನೀರು ಚೆಲ್ಲಿದ್ದರಿಂದ ಹೂವೆಲ್ಲ ತೊಯ್ದಿತ್ತು. ಅದರಲ್ಲೊಂದು ಪಟದ ಗಾಜಿಗೆ ಅಂಟಿಕೊಂಡು ಹಾಗೇ ನಿಂತಿತು. ಒದ್ದೆ ಕಣಗಿಲೆಗೆ ಅರಿಶಿನ, ದೀಪದೆಣ್ಣೆಯ ಹೊಗೆ ಸೇರಿದರೆ ಒಂದು ವಾಸನೆ ಬರುತ್ತದೆ. ಸಿಹಿ ಎನ್ನಲಾಗದು, ಕಹಿ ಎನ್ನಲೂ ಆಗದು... ನನ್ನ ಕೈ ಅಲ್ಲೇ ನಿಂತುಹೋಯಿತು. ಹೊಳಲ್ಕೆರೆಯ ಚಿಗವ್ವ ನೆನಪಾದಳು.

ರಕ್ತಸಂಬಂಧದ ಚಿಗವ್ವನಲ್ಲ, ಪಕ್ಕದ ಮನೆಯವಳು. ನಮ್ಮ ಹಿತ್ತಲಿಗೂ ಅವಳ ಹಿತ್ತಲಿಗೂ ನಡುವೆ ಎದೆಮಟ್ಟದ ಮಣ್ಣಿನ ಗೋಡೆ. ಮಜ್ಜಿಗೆ, ಒಲೆಗೆ ಕೆಂಡ, ಊರಿನ ಸುದ್ದಿ ಎಲ್ಲವೂ ಅದರ ಮೇಲಿಂದಲೇ ದಾಟುತ್ತಿದ್ದವು. ಅವಳ ಗಂಡ ಊರಿನ ಶಾಲೆಯಲ್ಲಿ ಮೇಷ್ಟರು. ನನ್ನ ತಂದೆ ತಾಲ್ಲೂಕು ಕಚೇರಿಯಲ್ಲಿದ್ದರು. ನಾನು ಬೆಂಗಳೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಕಾನ್ವೆಂಟಿಗೆ ಹೋಗುತ್ತಿದ್ದೆ. ಬೇಸಿಗೆ ರಜಕ್ಕೆ ಮಾತ್ರ ರೈಲು ಹತ್ತಿ ಊರಿಗೆ ಬರುತ್ತಿದ್ದೆ. ಬಂದ ದಿನವೇ ಚಿಗವ್ವ ಗೋಡೆಯ ಮೇಲೆ ಮೊಣಕೈಯೂರಿ, “ಏನವ್ವಾ ದೊರೆಸಾನಿ, ಮುದ್ದೆ ನುಂಗೋದು ಮರ್ತಿಲ್ಲ ತಾನೆ?” ಎಂದು ಕೇಳುವಳು.

ನಾನು ಹೇಳಹೊರಟಿರುವುದಕ್ಕೆ ಎರಡು ವರ್ಷ ಮೊದಲು ಅವಳ ಚೊಚ್ಚಲ ಮಗ ಸಿಡುಬಿನಲ್ಲಿ ಹೋಗಿದ್ದ. ನಮ್ಮ ಬೀದಿಯಲ್ಲಿ ಯಾರೂ ಸಿಡುಬು ಎನ್ನುತ್ತಿರಲಿಲ್ಲ; ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದರು. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು. ಜ್ವರದಲ್ಲಿ ಬೇಯುವ ಮಗುವನ್ನೇ ತಾಯಿ ಎಂದು ಕರೆದು ಕೈಮುಗಿಯಬೇಕು. ಚಿಗವ್ವ ಅದೆಲ್ಲವನ್ನೂ ಮಾಡಿ, ಊರಮ್ಮನ ಗುಡಿಗೆ ಹೋಗಿ ಹೂ ಕೇಳಿದ್ದಳು. ಹೂ ಕೇಳುವುದೆಂದರೆ ದೇವಿಯ ಎರಡೂ ಭುಜಕ್ಕೆ ನೀರು ಹಚ್ಚಿ ಒಂದೊಂದು ಹೂ ಅಂಟಿಸಿ ಕಾಯುವುದು. ಬಲದ ಹೂ ಮೊದಲು ಬಿದ್ದರೆ ಹೂಂ, ಎಡದ್ದು ಬಿದ್ದರೆ ಬೇಡ. ಆ ಸಲ ಬಲದ್ದು ಬಿದ್ದಿತ್ತು. ಮಗ ಉಳಿಯುತ್ತಾನೆಂದು ಪೂಜಾರಪ್ಪ ದೇವಿಯ ಅರಿಶಿನದ ಭಂಡಾರ ಕೊಟ್ಟು ಕಳಿಸಿದ್ದ. ಮಗ ಉಳಿಯಲಿಲ್ಲ.

ನಾನು ಹೇಳುತ್ತಿರುವ ಬೇಸಿಗೆಯಲ್ಲಿ ಕೆಳಗಿನ ಬೀದಿಯಲ್ಲಿ ಮತ್ತೆ ಬೇವಿನ ಸೊಪ್ಪು ಕಾಣಿಸಿತು. ಚಿಗವ್ವನಿಗೆ ಆಗ ಉಳಿದದ್ದು ಒಂದೇ ಮಗು, ಆಗಷ್ಟೇ ಪೂರ್ತಿ ಮಾತು ಕಲಿಯುತ್ತಿದ್ದ ಪುಟ್ಟಿ. ಸರ್ಕಾರದಿಂದ ದಾಕು ಹಾಕುವವರು ಬಂದು ಚಾವಡಿಯಲ್ಲಿ ಇಳಿದುಕೊಂಡಿದ್ದರು. ದಾಕು ಎಂದರೆ ತೋಳಿನಲ್ಲಿ ಸಣ್ಣಗೆ ಗೀರಿ ಹಚ್ಚುವ ಔಷಧಿ. ಅದಾದವರಿಗೆ ಸಿಡುಬು ಬರುವುದಿಲ್ಲವೆಂದು ಮೇಷ್ಟರು ಶಾಲೆಯಲ್ಲಿ ಹೇಳಿಕೊಡುತ್ತಿದ್ದರು. ನನಗೆ ಬೆಂಗಳೂರಿನಲ್ಲೇ ಹಾಕಿಸಿಯಾಗಿತ್ತು. ಊರಲ್ಲಿ ಮಾತ್ರ ಬಹಳ ತಾಯಂದಿರು ಮಕ್ಕಳನ್ನು ಬಚ್ಚಿಡುತ್ತಿದ್ದರು. ಅಮ್ಮನಿಗೆ ಎದುರು ನಿಂತಂತೆ ಆಗುತ್ತದೆಂಬ ಹೆದರಿಕೆ.

ಅವತ್ತು ಮಧ್ಯಾಹ್ನ ಗೋಡೆಯಾಚೆ ಮೇಷ್ಟರ ದನಿ ಕೇಳಿತು.

“ದಾಕಿನೋರು ಸಂಜೆಗೆ ಹೊರಕೆರೆದೇವಪುರಕ್ಕೆ ಗಾಡಿ ಕಟ್ತಾರೆ. ಆಮೇಲೆ ಯಾವಾಗ ಬರ್ತಾರೋ ಏನೋ. ಮಗೂನ ಕೊಡೇ.”

“ಅಮ್ಮನ್ನ ಒಂದ್ ಮಾತು ಕೇಳ್ದೆ ಕೊಡಲ್ಲ ರೀ.”

“ಹೋದ್ಸಲ ಕೇಳಿದ್ಯಲ್ಲ. ಏನಂದ್ಳು?”

ಬೀಸುಕಲ್ಲಿನ ಗೂಟವನ್ನು ಯಾರೋ ಸುಮ್ಮನೆ ಅತ್ತಿತ್ತ ಅಲ್ಲಾಡಿಸುವ ಸದ್ದು ಬಂತು.

“ಅಂದೋಳು ಅವಳು, ನಂಬಿದೋಳು ನಾನು. ನಡುವೆ ನೀವ್ಯಾಕೆ ಬರ್ತೀರಿ?”

“ಎಡಕ್ಕೆ ಬಿದ್ರೆ?”

“ಬಿದ್ಮೇಲೆ ನೋಡಾಣ ನಡೀರಿ.”

ಮೇಷ್ಟರು ಮಗುವನ್ನು ಕಿತ್ತುಕೊಂಡು ಹೋಗಬಹುದಿತ್ತು. ಆದರೆ ಮಗ ಹೋದ ಮೇಲೆ ಅವರು ಹೆಂಡತಿಯೆದುರು ಯಾವುದಕ್ಕೂ ದನಿ ಏರಿಸುತ್ತಿರಲಿಲ್ಲ. ಪುಟ್ಟಿಯನ್ನು ಎತ್ತಿಕೊಳ್ಳಲು ನಮ್ಮವ್ವ ನನ್ನನ್ನೂ ಜೊತೆಗೆ ಕಳಿಸಿದಳು.

ಊರಮ್ಮನ ಗುಡಿ ಒಂದೇ ಕೋಣೆಯದು. ಒಳಗೆ ಹೋದರೆ ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ದೇವಿಯ ಬೆಳ್ಳಿಯ ಕಣ್ಣುಗಳಷ್ಟೇ ಕಾಣುವವು. ಪೂಜಾರಪ್ಪ ಎರಡೂ ಭುಜಕ್ಕೆ ನೀರು ಹಚ್ಚಿ ಕಣಗಿಲೆ ಹೂವಿಟ್ಟ. “ಕುಂತ್ಕಳ್ರಿ ತಾಯಿ. ಅಮ್ಮ ಹೇಳೋದಾದ್ರೆ ಹೇಳ್ತಾಳೆ” ಎಂದು ನೀರು ಸೇದಿ ತರಲು ಬಾವಿಗೆ ಹೋದ. ಮೇಷ್ಟರು ಒಳಗೆ ಬರಲಿಲ್ಲ. ಬಾಗಿಲಾಚೆ ನಿಂತು, ಬೇವಿನ ಮರದ ನೆರಳು ಉದ್ದವಾಗುವುದನ್ನೇ ನೋಡುತ್ತಿದ್ದರು.

ಹೂ ಬೀಳಲಿಲ್ಲ.

ಪುಟ್ಟಿ ಮಂಡಕ್ಕಿ ಬೇಕೆಂದು ರಚ್ಚೆ ಹಿಡಿದು, ಸಿಗದೆ, ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಇರುವೆಯೊಂದು ದೇವಿಯ ತೋಳು ಹತ್ತಿ, ಒದ್ದೆಯ ಅಂಚಿಗೆ ಬಂದು, ಹಿಂದಿರುಗಿತು. ಆಗ ನಾನು ಒಂದು ಸಂಗತಿ ಗಮನಿಸಿದೆ. ದೊಡ್ಡ ದೀಪ ಇದ್ದದ್ದು ದೇವಿಯ ಎಡಭುಜಕ್ಕೆ ತಾಗಿದಂತೆ. ಆ ಕಡೆಯ ಒದ್ದೆ ಬೇಗ ಬೇಗ ಆರುತ್ತಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಒಮ್ಮೆ ಎರಡು ಒದ್ದೆ ಕರ್ಚೀಫು ತಂದು, ಒಂದನ್ನು ಒಲೆಯ ಹತ್ತಿರ, ಇನ್ನೊಂದನ್ನು ಕಿಟಕಿಯ ಹತ್ತಿರ ಹರವಿ ಪಾಠ ಹೇಳಿದ್ದರು. ಅದೇ ಸಿಸ್ಟರ್ ಪರೀಕ್ಷೆಯ ದಿನ ನಮ್ಮ ಹೆಸರಿನಲ್ಲಿ ಮೇಣದ ಬತ್ತಿಯನ್ನೂ ಹಚ್ಚುತ್ತಿದ್ದರು. ಎರಡನ್ನೂ ಅವರು ಹೇಗೆ ಒಟ್ಟಿಗೆ ಇಟ್ಟುಕೊಂಡಿದ್ದರೋ, ಕೇಳಬೇಕೆಂದು ಆಗ ನನಗೆ ತೋಚಿರಲಿಲ್ಲ...

ಬಾಗಿಲಿನಿಂದ ಮೇಷ್ಟರು ಪಿಸುಗುಟ್ಟಿದರು. ಅವರೂ ಅದನ್ನೇ ನೋಡಿದ್ದರು.

“ತಂಗೀ, ಪೂಜಾರಪ್ಪ ಬರೋದ್ರೊಳಗೆ ಆ ದೀಪಾನ ಬಲಗಡೀಗೆ ಇಟ್ಬಿಡವ್ವ.”

ಚಿಗವ್ವ ಕಣ್ಣು ಮುಚ್ಚಿ ಕುಳಿತಿದ್ದಳು. ನಾನು ಮಗುವಿನೊಂದಿಗೆ ಎದ್ದು ಎರಡು ಹೆಜ್ಜೆ ಇಟ್ಟೆ. ಕಾಲ್ಗೆಜ್ಜೆಯ ಸದ್ದು ನನಗೇ ಜೋರಾಗಿ ಕೇಳಿತು.

“ದೀಪ ಮುಟ್ಬ್ಯಾಡ ತಂಗಿ,” ಎಂದಳು ಚಿಗವ್ವ, ಕಣ್ಣು ತೆರೆಯದೆ.

ಮೇಷ್ಟರು ಹೊಸ್ತಿಲಿಗೆ ಬಂದರು. “ಲೇ, ಅದು ಬರೀ ನೀರು ಆರೋದು ಕಣೇ. ಬಿಸಿ ಇರೋ ಕಡೆ ಮೊದ್ಲು ಬೀಳ್ತೈತೆ. ಇಷ್ಟಕ್ಕೆ ಒಂದು ಜೀವ ಪಣಕ್ಕಿಡ್ತೀಯಾ?”

“ಇರಬೋದು ರೀ. ಅವಳು ನೀರಿನ ಬಾಯಾಗೆ ಹೇಳ್ತಾಳೋ, ಬಿಸಿ ಬಾಯಾಗೆ ಹೇಳ್ತಾಳೋ, ಹೇಳ್ಲಿ. ನಾವೇ ಬಾಯಿ ಹಿಡ್ದು ಹೂಂ ಅನ್ನಿಸ್ಕೊಂಡ್ರೆ ಅದು ಅವಳ ಮಾತು ಹೆಂಗಾಗ್ತೈತೆ?”

ಮೇಷ್ಟರು ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡರು. ಅವರ ಬೆರಳ ಸಂದಿಯಲ್ಲಿ ಸೀಮೆಸುಣ್ಣದ ಪುಡಿ ಇನ್ನೂ ಇತ್ತು. ಊರ ಕಡೆಯಿಂದ ಎತ್ತಿನ ಕೊರಳ ಗಂಟೆ ಕೇಳಿದಾಗಲೆಲ್ಲ ಅವರ ತಲೆ ಅತ್ತ ತಿರುಗುತ್ತಿತ್ತು. ಪೂಜಾರಪ್ಪ ಕೊಡ ಹೊತ್ತು ಬಂದ. ಅವನು ಕೊಡ ಇಳಿಸುತ್ತಿರುವಾಗಲೇ ಹೂ ಬಿತ್ತು.

ಎಡದ್ದು.

“ಬ್ಯಾಡ ಅಂತಾಳೆ ತಾಯಿ,” ಎಂದ ಪೂಜಾರಪ್ಪ, ಮೆಲ್ಲಗೆ.

ಚಿಗವ್ವ ಎದ್ದಳು. ಅಳುತ್ತಾಳೆ ಎಂದುಕೊಂಡೆ. ಅವಳು ಸೆರಗನ್ನು ಸೊಂಟಕ್ಕೆ ಸಿಗಿಸಿ, ಬೀದಿಯ ಹೆಂಗಸರೊಡನೆ ಜಗಳಕ್ಕೆ ನಿಲ್ಲುವಂತೆ ದೇವಿಯ ಎದುರಿಗೆ ನಿಂತಳು.

“ಅವತ್ತು ಹೂಂ ಅಂದೆ. ಅಂದು ಮಾತು ತಪ್ಪಿದೆ. ನಾನೇನಾರ ಕೇಳಿದ್ನಾ ನಿನ್ನ? ಇವತ್ತು ಬ್ಯಾಡ ಅಂತೀಯ. ಇವತ್ತು ನಾನು ತಪ್ತೀನಿ.”

“ಯವ್ವಾ, ಯಾರತ್ರ ಮಾತಾಡ್ತಿದೀಯ ಗೊತ್ತೈತಾ?”

“ಗೊತ್ತಿರಾದ್ಕೇ ಮಾತಾಡ್ತಿದೀನಿ ಪೂಜಾರಪ್ಪ.” ಅವಳು ಬಗ್ಗಿ ಆ ಎಡದ ಹೂವನ್ನೇ ಎತ್ತಿ ತುರುಬಿಗೆ ಸಿಕ್ಕಿಸಿಕೊಂಡಳು. “ಸಿಟ್ಟು ಬಂದ್ರೆ ನನ್ ಮ್ಯಾಲೆ ಬರ್ಲಿ. ಗುರ್ತಿಗೆ ಹೂ ಮುಡ್ದೀನಿ, ನೋಡ್ಕೊ. ಮಗು ತಂಟಿಗೆ ಹೋಗ್ಬ್ಯಾಡ.” ಆಮೇಲೆ ನನ್ನ ಹೆಗಲಿಂದ ಪುಟ್ಟಿಯನ್ನು ಎತ್ತಿಕೊಂಡು, “ನಡೀರಿ, ಹೊತ್ತಾಯ್ತು,” ಎಂದು ಗಂಡನಿಗಿಂತ ಮುಂದೆ ನಡೆದಳು.

ಚಾವಡಿಯ ಮುಂದೆ ಗಾಡಿಗೆ ಎತ್ತು ಹೂಡಿಯಾಗಿತ್ತು. ದಾಕಿನವರು ಗೊಣಗುತ್ತಲೇ ಪೆಟ್ಟಿಗೆ ಇಳಿಸಿ ತೆರೆದರು. ಗೀರುವಾಗ ಮೇಷ್ಟರು ಮುಖ ತಿರುಗಿಸಿದರು. ಚಿಗವ್ವ ರೆಪ್ಪೆ ಮಿಟುಕಿಸದೆ ನೋಡಿದಳು. “ನೀವೂ ಹಾಕ್ಸ್ಕಳ್ರಿ ತಾಯಿ, ಎರಡು ಗೀರು ಅಷ್ಟೇ,” ಎಂದರು ಅವರು. ಮೇಷ್ಟರೂ ಬೇಡಿಕೊಂಡರು. ಚಿಗವ್ವ ಕುಪ್ಪಸದ ತೋಳನ್ನು ಕೆಳಕ್ಕೆಳೆದುಕೊಂಡಳು.

“ನಾನು ಮಾತು ಮೀರಿದ್ದು ಮಗೀಗೋಸ್ಕರ. ನನ್ ಜೀವಕ್ಕೂ ಮೀರಿದ್ರೆ, ಸಿಟ್ಟು ನನ್ ಮ್ಯಾಲೆ ಬರ್ಲಿ ಅಂದಿದ್ದು ಸುಳ್ಳಾಗ್ತೈತೆ.”

ಕೆಲವು ದಿನಕ್ಕೆ ಪುಟ್ಟಿಯ ತೋಳು ಊದಿ ಜ್ವರ ಬಂತು. ಬೀದಿಯ ಹೆಂಗಸರು ನೀರಿಗೆ ಹೋಗುವಾಗ ಆ ಬಾಗಿಲ ಮುಂದೆ ದನಿ ತಗ್ಗಿಸುತ್ತಿದ್ದರು. “ಅಮ್ಮನಿಗೇ ಎದುರು ನಿಂತೋಳು, ಅನುಭವಿಸ್ಲಿ ಬಿಡ್ರೇ,” ಎಂದದ್ದು ನಮ್ಮ ಜಗಲಿಗೂ ಕೇಳಿತು. ದಾಕು ಹತ್ತಿದರೆ ಹೀಗೇ ಆಗುತ್ತದೆಂದು ಮೇಷ್ಟರು ಎಲ್ಲರಿಗೂ ಹೇಳಿದರು. ಹೇಳಿ ಹೇಳಿ ಮತ್ತೆ ಮಗುವಿನ ಹಣೆ ಮುಟ್ಟಿ ನೋಡಿದರು. ಜ್ವರ ಇಳಿಯಿತು. ಆ ಮಂಗಳವಾರ ಚಿಗವ್ವ ಎಂದಿನಂತೆ ಎಣ್ಣೆ ಬತ್ತಿ ಹಿಡಿದು ಗುಡಿಗೆ ಹೊರಟಳು. ನಾನೂ ಹೋದೆ.

“ಹೂ ಇಡಾಣೇನವ್ವಾ?” ಎಂದ ಪೂಜಾರಪ್ಪ, ಚುಚ್ಚುವ ಹಾಗೆ.

“ಬ್ಯಾಡಪ್ಪ. ಕೇಳೋದು ಮುಗೀತು. ಬರೋದು ಮುಗಿದಿಲ್ಲ.”

ನನ್ನ ರಜ ಮುಗಿಯುವ ಹೊತ್ತಿಗೆ ರೋಗ ನಮ್ಮ ಬೀದಿಗೆ ಬಂತು. ಪುಟ್ಟಿಯನ್ನು ಮುಟ್ಟಲಿಲ್ಲ. ಚಿಗವ್ವನನ್ನು ಮಲಗಿಸಿತು. ಮೇಷ್ಟರು ತಾವೇ ಬೇವಿನ ಸೊಪ್ಪು ಕಟ್ಟಿದರು, ಒಗ್ಗರಣೆ ನಿಲ್ಲಿಸಿದರು, ಹೆಂಡತಿಯನ್ನು ತಾಯಿ ಎಂದು ಕರೆದು ನೀರು ಕುಡಿಸಿದರು. “ನಂಬಿಕೆ ಬಂತಾ ಮೇಷ್ಟ್ರೇ?” ಎಂದು ಯಾರೋ ಕೇಳಿದ್ದಕ್ಕೆ, “ನಂಗಲ್ಲ, ಅವಳಿಗೆ,” ಎಂದರಂತೆ.

ಪುಟ್ಟಿ ನಮ್ಮ ಮನೆಯಲ್ಲೇ ಇದ್ದಳು. ಒಂದು ಬೆಳಿಗ್ಗೆ ಮೇಷ್ಟರು ಗೋಡೆಯ ಹತ್ತಿರ ಬಂದು, “ಮಗಿಯ ತೋಳು ನೋಡ್ಬೇಕಂತೆ,” ಎಂದರು. ನಾನು ಪುಟ್ಟಿಯನ್ನು ಗೋಡೆಯ ಮೇಲೆ ಕೂರಿಸಿ, ಅಂಗಿ ಸರಿಸಿ, ಅವರ ಕಿಟಕಿಯ ಕಡೆ ತೋಳು ತಿರುಗಿಸಿ ಹಿಡಿದೆ. ಒಳಗೆ ಕತ್ತಲಿತ್ತು. ಚಿಗವ್ವ ನನಗೆ ಕಾಣಲಿಲ್ಲ.

“ಹುಣ್ಣು ಆರಿ ಗುರ್ತು ಬಿದ್ದೈತೆ ಚಿಗವ್ವ,” ಎಂದು ಕೂಗಿ ಹೇಳಿದೆ.

“ಹಂಗಾದ್ರೆ ಸರಿ.” ಅಷ್ಟೇ ಕೇಳಿಸಿದ್ದು. ಮಾರನೆಯ ದಿನ ಹೋದಳು.

ಮಗುವನ್ನು ಬಿಟ್ಟು ತಾಯಿಯನ್ನು ತೆಗೆದುಕೊಂಡಳು, ಅಮ್ಮ ಹೂವಿನ ಗುರುತು ಹಿಡಿದಳು ಎಂದಿತು ಬೀದಿ. ತೋಳು ಕೊಟ್ಟಿದ್ದರೆ ಉಳಿಯುತ್ತಿದ್ದಳು ಎಂದರು ಮೇಷ್ಟರು. ಎರಡೂ ಕಡೆಯವರಿಗೆ ಅವರವರ ಉತ್ತರ ಸಿಕ್ಕಿಬಿಟ್ಟಿತು. ಸಿಡುಬಿಗೆ ದಾಕೇ ಮದ್ದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಮೇಷ್ಟರು ಹೇಳಿದ್ದೇ ನಿಜ. ಆದರೂ ವಿಜ್ಞಾನದ ಕಾಲದಲ್ಲಿ ದೇವರೇಕೆ ಎಂದು ಯಾರಾದರೂ ನಕ್ಕಾಗ ನಾನು ಅವರ ಜೊತೆ ನಗಲಾರೆ. ಆ ಗುಡಿಯಲ್ಲಿ ಮೇಷ್ಟರಿಗೆ ಇದ್ದದ್ದು ಕಲ್ಲು, ನೀರು, ದೀಪ. ಅವರು ಮೀರಬೇಕಾದದ್ದು ಏನೂ ಇರಲಿಲ್ಲ. ಚಿಗವ್ವನಿಗೆ ಅಲ್ಲಿ ನಿಜವಾಗಿಯೂ ಒಬ್ಬಳು ಇದ್ದಳು. ಇದ್ದಾಳೆಂದು ತಿಳಿದೇ ಅವಳು ಮಗುವನ್ನು ಎತ್ತಿಕೊಂಡು ಹೊರಟಳು...

ಅಂಗಳದಿಂದ ಮಗಳು ಕೂಗುತ್ತಿದ್ದಳು. ಇವತ್ತು ಮೊಮ್ಮಗಳಿಗೆ ಆಸ್ಪತ್ರೆಯಲ್ಲಿ ದಾಕು ಹಾಕಿಸಬೇಕು. “ಅವ್ವಾ, ಹೊತ್ತಾಯ್ತು, ಬಾ!”

ಪಟದ ಗಾಜಿನ ಮೇಲೆ ಹೂ ಇನ್ನೂ ಅಂಟಿಕೊಂಡೇ ಇತ್ತು. ಅದು ಯಾವ ಕಡೆಗೆ ಬೀಳುತ್ತದೋ ಎಂದು ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೇನೆಂದು ಆಗ ಅರಿವಾಯಿತು. ಬೈಯಲು, ನಗಲು ಗೋಡೆಯಾಚೆ ಯಾರೂ ಇಲ್ಲ. ಹೂ ಬೀಳುವ ಮೊದಲೇ ಅದನ್ನು ಬಿಡಿಸಿ ತುರುಬಿಗೆ ಸಿಕ್ಕಿಸಿಕೊಂಡೆ. ಅದರ ಒದ್ದೆ ಕತ್ತಿಗೆ ತಣ್ಣಗೆ ತಾಗಿತು. ಮೊಮ್ಮಗಳನ್ನು ಎತ್ತಿಕೊಂಡು ಹೊರಟೆ.