ಎಣ್ಣೆಡಬ್ಬದ ಕ್ರೇನು

ಆ ಆಟಿಕೆ ಕ್ರೇನನ್ನು ಮಾಡಿದ್ದು ನಿಮ್ಮ ತಂದೆಯೇ, ಮಂಗಳಕ್ಕ. ಅವರ ಮಾತನ್ನು ನಾವೆಲ್ಲ ಮರೆವು ಎಂದು ತಳ್ಳಿಹಾಕಿದ ದಿನ ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ — ಇಲ್ಲ, ಸುಮ್ಮನಿದ್ದೆ ಅನ್ನುವುದೂ ನನಗೆ ನಾನೇ ತೋರಿಸಿಕೊಳ್ಳುವ ರಿಯಾಯಿತಿ. ನಾನು ಮಾತಾಡಿದೆ. ಮರೆವು ಎಂಬ ಪದವನ್ನು ನಿಮ್ಮೆಲ್ಲರ ಬಾಯಿಗೆ ಕೊಟ್ಟವನೇ ನಾನು.

ಇದನ್ನು ಬರೆಯಲು ಎಷ್ಟೋ ಸಲ ಕೂತಿದ್ದೇನೆ. ಪ್ರತಿ ಸಲವೂ ಅದೊಂದು ಕಥೆಯಾಗಿಬಿಡುತ್ತದೆ. ಕಥೆಯೊಳಗೆ ನಾನು ಇದ್ದುದಕ್ಕಿಂತ ಸ್ವಲ್ಪ ಒಳ್ಳೆಯವನಾಗುತ್ತೇನೆ. ಈಗ ದಣಿದಿದ್ದೇನೆ. ಅಷ್ಟು ರಿಪೇರಿ ಮಾಡುವ ತ್ರಾಣ ಉಳಿದಿಲ್ಲ.

ಇಸವಿ ತೊಂಬತ್ತೆಂಟು ಇರಬೇಕು, ತೊಂಬತ್ತೊಂಬತ್ತೂ ಇರಬಹುದು. ಶ್ರೀರಾಂಪುರದಲ್ಲಿ ನಿಮ್ಮ ಹೊಸ ಮನೆಯ ಗೃಹಪ್ರವೇಶ ಮುಗಿದಿತ್ತು. ನಡುಮನೆಯ ಶೋಕೇಸಿನಲ್ಲಿಡಲು, ಮನೆಯಲ್ಲಿದ್ದ ಹಳೆಯ ಆಟಿಕೆ ಕ್ರೇನೊಂದನ್ನು ಚೊಕ್ಕ ಮಾಡಿಸಬೇಕೆಂದು, ತಂದೆಯನ್ನೂ ಕರೆದುಕೊಂಡು ಯಾದವಗಿರಿಯ ನನ್ನ ಶೆಡ್ಡಿಗೆ ಬಂದಿರಿ. ನಾನಾಗ ಡ್ರಾಯಿಂಗ್ ಮೇಷ್ಟ್ರ ಕೆಲಸದಿಂದ ನಿವೃತ್ತನಾಗಿ, ಹಳೆಯ ಆಟಿಕೆ ರೋಡ್ ರೋಲರು, ಬುಲ್ಡೋಜರು, ಕ್ರೇನುಗಳ ಹುಚ್ಚು ಹಿಡಿಸಿಕೊಂಡಿದ್ದೆ. ಯಾವ ದೇಶದ್ದು, ಯಾವ ಕಾಲದ್ದು ಎಂದು ಗುರುತಿಸುವುದು, ತುಕ್ಕು ತೆಗೆದು ಮೊದಲಿನಂತೆ ಮಾಡುವುದು — ಈ ಊರಲ್ಲಿ ಅದು ಗೊತ್ತಿದ್ದವನು ನಾನೊಬ್ಬನೇ ಎಂಬ ಹೆಸರಿತ್ತು. ನನ್ನ ನೆನಪಿನಲ್ಲಿ ನೀವು ಹಳದಿ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದೀರಿ. ನಂಬಬೇಡಿ. ಹಳದಿ ಇದ್ದದ್ದು ಕ್ರೇನಿನ ಬಣ್ಣ. ನನ್ನ ನೆನಪು ಅದನ್ನು ನಿಮಗೆ ಉಡಿಸಿದೆ.

ಮಾತುಗಳು ಮಾತ್ರ ಸರಿಯಾಗಿ ನೆನಪಿವೆ ಅಂದುಕೊಂಡಿದ್ದೇನೆ.

"ಇದು ನಾನೇ ಮಾಡಿದ್ದು ಮೇಷ್ಟ್ರೇ," ಎಂದರು ನಿಮ್ಮ ತಂದೆ ಶಿವಮಲ್ಲಪ್ಪನವರು. "ಅಣೆಕಟ್ಟೆ ಕೆಲಸದಲ್ಲಿ ಫಿಟ್ಟರ್ ಆಗಿದ್ನಲ್ಲ, ಆಗ. ಇವಳಿಗೆ ಎರಡು ವರ್ಷ. ಕಡ್ಲೆಕಾಯಿ ಎಣ್ಣೆ ಡಬ್ಬ ಕತ್ತರಿಸಿ ಮಾಡಿದ್ದು. ಹಿಂದ್ಗಡೆ ಭಾರಕ್ಕೆ ಸೀಸ ಕರಗಿಸಿ ಹುಯ್ದಿದೀನಿ."

"ಅಪ್ಪನ ಕೈಲಿ ಒಂದು ಸ್ಟೂಲಿನ ಕಾಲು ನೆಟ್ಟಗೆ ಕೂರ್ಸಕ್ಕಾಗಲ್ಲ ಕಣ್ರೀ," ಎಂದು ನೀವು ನಕ್ಕಿರಿ. "ಕ್ರೇನ್ ಮಾಡಿದ್ರಂತೆ."

"ಸ್ಟೂಲಿಗೆ ನಿಮ್ಮಮ್ಮ ಅವಸರ ಮಾಡಿದ್ಲು. ಇದಕ್ಕೆ ಒಂದು ಬೇಸಿಗೆ ಪೂರ್ತಿ ತಗೊಂಡಿದ್ದೆ."

ನಾನು ತಿರುಗಿಸಿ ನೋಡಿದೆ. ಅಡಿಯಲ್ಲಿ ಚಿಕ್ಕ ತಗಡು, ಅದರ ಮೇಲೆ ಇಂಗ್ಲಿಷಿನಲ್ಲಿ ಒಂದು ವಿಲಾಯಿತಿ ಕಂಪನಿಯ ಹೆಸರು, ಅಚ್ಚು ಒತ್ತಿದ ಅಕ್ಷರ. ದೊಡ್ಡ ಯಂತ್ರ ಮಾಡುವ ಕಂಪನಿಗಳ ಹೆಸರಿನಲ್ಲೇ ಆ ದೇಶದಲ್ಲಿ ಆಟಿಕೆಗಳೂ ಬರುತ್ತಿದ್ದವು. ಅದು ನನಗೆ ಗೊತ್ತಿತ್ತು. ನನ್ನ ಅನರ್ಥಕ್ಕೆ ಆ ಅರೆಬರೆ ತಿಳಿವಳಿಕೆಯೇ ಸಾಕಾಯಿತು. "ಕೆಲಸ ಮಾಡ್ತಿದ್ದ ದೊಡ್ಡ ಕ್ರೇನಿನ ಮೇಲೆ ಹಂಗೇ ಇತ್ತು, ನೋಡ್ಕೊಂಡು ಒತ್ತಿದೆ," ಎಂದು ಅವರು ಹೇಳುತ್ತಲೇ ಇದ್ದರು. ನಾನು ನಿಮ್ಮತ್ತ ತಿರುಗಿ, "ಇದು ಫ್ಯಾಕ್ಟರಿ ಮಾಲು ಕಣಮ್ಮ. ಇಂಗ್ಲೆಂಡಿನದು. ಇಂಥದ್ದು ಈ ಕಡೆ ಯಾರ ಹತ್ರಾನೂ ಇಲ್ಲ," ಎಂದೆ. ನಿಮ್ಮ ಮುಖ ಅರಳಿತು. ಅವರ ಮುಖ ಏನಾಯಿತೋ — ನಾನು ನೋಡಲಿಲ್ಲ.

ಅಲ್ಲಿಗೆ ಅದು ತಪ್ಪು ಮಾತ್ರ. ತಪ್ಪು ಯಾರೂ ಮಾಡಬಹುದು. ಅದೇ ವಾರ, ಹಳೆಯ ಆಟಿಕೆ ಸಂಗ್ರಹಿಸುವ ನಮ್ಮ ಗೆಳೆಯರ ಬಳಗದ ಪತ್ರಿಕೆಗೆ ಅದರ ಫೋಟೋ ಹಾಕಿ, ನನ್ನ ಹೆಸರಿನಲ್ಲಿ ಒಂದು ಪುಟ ಬರೆದು ಕಳಿಸಿದೆ.

ಆಮೇಲೆ ಬಣ್ಣ ತೆಗೆದೆ. ಕ್ರಮ ಉಲ್ಟಾ ಆಗಿತ್ತು. ನಮ್ಮ ಕೆಲಸದಲ್ಲಿ ಮೊದಲು ಬಣ್ಣ ತೆಗೆಯಬೇಕು, ಆಮೇಲೆ ಬಾಯಿ ತೆಗೆಯಬೇಕು. ಮೂರು ನಾಲ್ಕು ಪದರ ಎನಾಮೆಲ್ ಎದ್ದು ಬಂದ ಮೇಲೆ ಕಂಡದ್ದು ಕೈ ಬೆಸುಗೆ. ಅರದಿಂದ ತಿಕ್ಕಿ ತಿಕ್ಕಿ ನುಣುಪು ಮಾಡಿದ ಬೆಸುಗೆ. ಎಷ್ಟು ಚೆನ್ನಾಗಿತ್ತೆಂದರೆ ಬೆರಳಿಗೆ ಸಿಗುತ್ತಿರಲಿಲ್ಲ, ಕಣ್ಣಿಗೆ ಮಾತ್ರ. ರಿವೆಟ್ ಕೊರೆದು ಕ್ಯಾಬಿನ್ ಬಿಚ್ಚಿದೆ. ಒಳಗೆ, ಛಾವಣಿಯ ತಗಡಿನ ಅಡಿಮೈ ಮೇಲೆ, ಎರಡು ಕಡಲೆಕಾಯಿಯ ಚಿತ್ರ, ಅರ್ಧಕ್ಕೆ ಕತ್ತರಿಸಿಹೋದ 'ಶುದ್ಧ' ಎಂಬ ಕನ್ನಡ ಅಕ್ಷರ. ಹಿಂದೆ ಸೀಸದ ಗಟ್ಟಿ. ಅವರು ಹೇಳಿದ್ದು ಒಂದೂ ತಪ್ಪಿರಲಿಲ್ಲ.

ಆಗ ನಾನು ತುಂಬ ಹೊತ್ತು ಯೋಚಿಸುತ್ತ ಕೂತೆ ಎಂದು ಎಷ್ಟೋ ವರ್ಷ ನಂಬಿದ್ದೆ. ಕೈ ನಡುಗಿತೆಂದೂ ನೆನಪಿತ್ತು. ಈಗ ಕೆದಕಿ ನೋಡಿದರೆ ಆ ನಡುಕವನ್ನು ಆಮೇಲೆ ಸೇರಿಸಿಕೊಂಡೆ ಅನ್ನಿಸುತ್ತದೆ. ಬಹುಶಃ ನಾನು ಕಾಫಿ ಕುಡಿದೆ. ಕಪ್ಪು ಬಣ್ಣದ ಡಬ್ಬ ತೆಗೆದೆ. ಒಳಗೆಲ್ಲ ಬಳಿದು, ಹೊಸ ರಿವೆಟ್ ಹೊಡೆದು ಮುಚ್ಚಿದೆ. ಪತ್ರಿಕೆಯಲ್ಲಿ ಬರೆದದ್ದು ಸುಳ್ಳಾಗಬಾರದಿತ್ತು. ಅಷ್ಟೇ. ಅಷ್ಟು ಸಣ್ಣದಕ್ಕೆ.

ತೆಗೆದುಕೊಂಡು ಹೋಗಲು ಬಂದ ದಿನ ನಿಮ್ಮ ತಮ್ಮನೂ ಜೊತೆಗಿದ್ದರು. ಹೊಳೆಯುವ ಕ್ರೇನನ್ನು ನಿಮ್ಮ ತಂದೆ ಮುಟ್ಟಲಿಲ್ಲ. "ಬಿಚ್ಚಿದ್ರಲ್ಲ ಮೇಷ್ಟ್ರೇ, ಒಳಗೆ ನೋಡಿದ್ರಾ?" ಎಂದು ಕೇಳಿದರು. ಕೇಳಿದ್ದು ಮೆಲ್ಲಗೆ, ನನ್ನ ಮರ್ಯಾದೆಗೆ ಜಾಗ ಬಿಟ್ಟುಕೊಟ್ಟಂತೆ.

"ನೋಡಿದೆ ಯಜಮಾನ್ರೇ. ಏನೂ ಇಲ್ಲ," ಎಂದೆ. ನಿಲ್ಲಿಸಬಹುದಿತ್ತು. ಮುಂದುವರಿಸಿದೆ — "ವಯಸ್ಸಾದ ಮೇಲೆ ಮರೆವು ಸಹಜ. ಒಂದಕ್ಕೊಂದು ಕಲಸಿಹೋಗುತ್ತೆ."

"ಸಾಕು ಬುಡಿ ಅಪ್ಪ ಇನ್ನು," ಎಂದಿರಿ ನೀವು, ಪ್ರೀತಿಯಿಂದಲೇ.

ಅವರು ತಮ್ಮ ಎರಡು ಅಂಗೈಗಳನ್ನು ನೋಡಿಕೊಂಡರು. "ಇರ್ಬೋದು ಕಣವ್ವ. ಬೇರೆ ಯಾವ್ದೋ ಮಾಡಿದ್ನೇನೋ ನಾನು."

ಅಂಗೈ ನೋಡಿಕೊಂಡದ್ದು ನಿಜವೋ, ನನ್ನ ಪಾಪಪ್ರಜ್ಞೆ ಬರೆದ ಚಿತ್ರವೋ — ಹೇಳಲಾರೆ. ಆ ಮಾತು ಮಾತ್ರ ನಿಜ. ಒಬ್ಬ ಮನುಷ್ಯ ತನ್ನ ಒಂದು ಇಡೀ ಬೇಸಿಗೆಯನ್ನು ನನ್ನ ಮಾತಿನ ಮೇಲೆ ಬಿಟ್ಟುಕೊಟ್ಟ.

ಒಂದೆರಡು ವರ್ಷದ ನಂತರ ಲಕ್ಷ್ಮೀಪುರಂನಲ್ಲಿ ತರಕಾರಿ ಕೊಳ್ಳುವಾಗ ನೀವು ಸಿಕ್ಕಿದಿರಿ. "ಅಪ್ಪಂಗೆ ಮರೆವು ಅಂತ ಮೊದಲು ಗುರುತಿಸಿದ್ದು ನೀವೇ ಮೇಷ್ಟ್ರೇ. ನೀವು ಹೇಳ್ದೆ ಇದ್ದಿದ್ರೆ ನಮಗೆ ಹೊಳೀತಾನೇ ಇರ್ಲಿಲ್ಲ," ಎಂದು ಕೈ ಮುಗಿದಿರಿ. ಡಾಕ್ಟರಿಗೆ ತೋರಿಸಿದ್ದಿರಂತೆ. ಒಬ್ಬರನ್ನೇ ಹೊರಗೆ ಬಿಡುತ್ತಿರಲಿಲ್ಲವಂತೆ. ಕೈಗೆ ಏನಾದರೂ ಮಾಡಿಕೊಂಡಾರೆಂದು ಉಪಕರಣದ ಪೆಟ್ಟಿಗೆಯನ್ನು ಯಾರಿಗೋ ಕೊಟ್ಟುಬಿಟ್ಟಿದ್ದಿರಂತೆ. "ಈಗ ಕೇಳಿದ್ರೆ, 'ನಂಗೇನು ಗೊತ್ತು, ಮಗಳನ್ನೇ ಕೇಳಿ' ಅಂತಾರೆ, ಎಲ್ಲದಕ್ಕೂ."

ನಾನು ಬೀನ್ಸ್ ಆರಿಸುತ್ತಿದ್ದೆ. ಆರಿಸುತ್ತಲೇ ಇದ್ದೆ.

ಅವರಿಗೆ ಆಮೇಲೆ ನಿಜವಾಗಿಯೂ ಮರೆವು ಬಂದಿರಬಹುದು. ಅಥವಾ ನಮ್ಮ ಮಾತನ್ನು ನಂಬಿ ನಂಬಿ ಬಂತೋ. ಯಾವುದು ಮೊದಲು ಎಂದು ನನಗೆ ತಿಳಿಯದು, ಆ ತಿಳಿಯದಿರುವಿಕೆಯ ನೆರಳಲ್ಲಿ ನಾನು ಸಾಕಷ್ಟು ಕಾಲ ಕೂತಿದ್ದಾಯಿತು. ಅವರು ತೀರಿಕೊಂಡಾಗ ಬಂದು ಹಾರ ಹಾಕಿದೆ. ಶೋಕೇಸಿನಲ್ಲಿ ಕ್ರೇನಿತ್ತು, ಮುಂದೆ ನನ್ನದೇ ಅಕ್ಷರದ ಚೀಟಿ — 'ಇಂಗ್ಲೆಂಡ್'. ಆ ದಿನವೂ ಹೇಳಲಿಲ್ಲ.

ಈ ಕಾಗದ ನಿಮ್ಮ ಕೈ ಸೇರಿದ ಮೇಲೆ ಬರುವ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ನೀವು ಬೇಕೆಂದರೆ ರಿವೆಟ್ ತೆಗೆದು, ಒಳಗಿನ ಕಪ್ಪು ಬಣ್ಣ ಕರಗಿಸುತ್ತೇನೆ. ಒಂದು ವಿಷಯ ಮೊದಲೇ ಹೇಳಿಬಿಡಬೇಕು: ಬಣ್ಣ ಬಳಿಯುವ ಮುಂಚೆ ಆ ತಗಡನ್ನು ಎಮೆರಿ ಕಾಗದದಿಂದ ಉಜ್ಜಿದ್ದೆನೋ ಇಲ್ಲವೋ ನನಗೆ ನೆನಪಿಲ್ಲ. ಉಜ್ಜಿದ್ದರೆ ಕಡಲೆಕಾಯಿಯೂ ಇರುವುದಿಲ್ಲ, ಅಕ್ಷರವೂ ಇರುವುದಿಲ್ಲ, ಬರೀ ತಗಡು. ಆಗ ನಿಮ್ಮ ತಂದೆಯ ಪರವಾಗಿ ಉಳಿಯುವುದು ನನ್ನ ಮಾತೊಂದೇ, ಅದರ ಯೋಗ್ಯತೆ ಎಷ್ಟೆಂದು ಈಗ ನಿಮಗೆ ಗೊತ್ತು.

ಆದ್ದರಿಂದ ಬಿಚ್ಚುವ ಮೊದಲೇ ಹೇಳುತ್ತೇನೆ. ನಿಮ್ಮ ತಮ್ಮನನ್ನೂ ಕರೆಸಿ. ಶಿವಮಲ್ಲಪ್ಪನವರು ಆ ದಿನ ಏನನ್ನೂ ಮರೆತಿರಲಿಲ್ಲ ಎಂದು ನಿಮ್ಮಿಬ್ಬರ ಎದುರು ನಿಂತು ಹೇಳಿದ ಮೇಲೆ, ನೀವು ನನ್ನನ್ನು ಕೂರಲು ಹೇಳದಿದ್ದರೂ ಸರಿ.