ಹದಿನೈದನೇ ಭಾನುವಾರದ ಗೆರೆ

ಕಳೆದ ವಾರ ರಾಜಾಜಿನಗರದ ಹಳೆಯ ಟೈಲರ್ ಅಂಗಡಿ ಖಾಲಿ ಮಾಡುವಾಗ ಅಂಗಡಿಯವರ ಹೆಂಡತಿ ನನ್ನನ್ನು ಕರೆದು, ನೆನಪಿಗಿರಲಿ ಎಂದು ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ಚೂರೊಂದನ್ನು ಕೈಗಿಟ್ಟರು. ಮೂಸಿದೆ. ಇಸ್ತ್ರಿಯ ಕಾವು, ಹೊಸ ಬಟ್ಟೆಯ ಗಂಜಿ, ಹಿಂದೆ ಸಣ್ಣಗೆ ಹಾಡುವ ರೇಡಿಯೊ... ಎಲ್ಲ ಬಂತು.

ಅಂಗಡಿಯವರನ್ನು ನಾವು, ಆ ರಸ್ತೆಯ ಮಕ್ಕಳು, ಟೈಲರ್ ಅಂಕಲ್ ಎನ್ನುತ್ತಿದ್ದೆವು. ಇಂಗ್ಲಿಷ್ ಹಾಡಿನ ಒಂದು ಪದವೂ ಅವರಿಗೆ ಅರ್ಥವಾಗುತ್ತಿರಲಿಲ್ಲ. ಆದರೂ ಭಾನುವಾರ ಬೆಳಗ್ಗೆ ರೇಡಿಯೊದಲ್ಲಿ ವಾರದ ಟಾಪ್ ಟೆನ್ ಬರುವಾಗ ಮೆಷಿನ್ ನಿಲ್ಲಿಸಿ ಕೂರುತ್ತಿದ್ದರು. ಮೊದಲ ಸ್ಥಾನ ಪಡೆದ ಬ್ಯಾಂಡಿಗೆ ಬೀರುವಿನ ಬಾಗಿಲ ಒಳಗೆ ಸೀಮೆಸುಣ್ಣದ ಒಂದು ಗೆರೆ. ಹಳೆಯ ಬ್ಯಾಂಡೊಂದರದು ಸತತ ಹದಿನಾಲ್ಕು ಗೆರೆ, ಅದೇ ದಾಖಲೆ. ನಾನು ಪಿಯುಸಿಯಲ್ಲಿದ್ದ ವರ್ಷ ಐವರು ಹುಡುಗಿಯರ ಬ್ಯಾಂಡೊಂದು ಮೊದಲ ಸ್ಥಾನಕ್ಕೆ ಬಂದು ಕೂತದ್ದು ಏಳಲೇ ಇಲ್ಲ. ಹಾಡು ಬದಲಾಗುತ್ತಿತ್ತು, ಹೆಸರು ಬದಲಾಗುತ್ತಿರಲಿಲ್ಲ. ಒಮ್ಮೆ ಹತ್ತರಲ್ಲಿ ಆರು ಅವರವೇ. ಅಂಕಲ್ ಮೈ ಜುಮ್ಮೆಂದವರಂತೆ ತೋಳು ಸವರಿಕೊಂಡಿದ್ದರು.

"ಮೇಲಕ್ಕೆ ಯಾರ್ ಬೇಕಾದ್ರೂ ಹತ್ತಬೋದು ಕಣಮ್ಮ. ಅಲ್ಲೇ ನಿಲ್ತಾರಲ್ಲ, ಅದು ನೋಡು."

ಹುಡುಗಿಯರಿಗೂ ಹದಿನಾಲ್ಕು ಗೆರೆಯಾದವು. ಹದಿನೈದನೇ ಭಾನುವಾರ ಅಂಕಲ್ ತಂಗಿಯ ಗೃಹಪ್ರವೇಶಕ್ಕೆ ಲಗ್ಗೆರೆಗೆ ಹೋಗಲೇಬೇಕಾಯಿತು. ಕೇಳುವ ಕೆಲಸವನ್ನು ನನಗೆ ವಹಿಸಿದರು. ದಾಖಲೆ ಮುರಿದರೆ ರಸ್ತೆಗೆಲ್ಲ ಮೈಸೂರುಪಾಕ್ ಎಂದರು. ನಾನೋ, ಗೆಳತಿಯರ ಜೊತೆ ಮಸಾಲೆ ದೋಸೆ ತಿನ್ನಲು ಹೋಗಿ ಮರೆತೇಬಿಟ್ಟೆ. ಸಂಜೆ ಅಂಕಲ್ ಕೇಳಿದಾಗ, ಆ ಹುಡುಗಿಯರೇ ಫಸ್ಟ್ ಎಂದುಬಿಟ್ಟೆ.

"ಯಾವ ಹಾಡು ಹಾಕಿದ್ರು?"

ತಡವರಿಸಿದೆ, ಬಾಯಿಗೆ ಬಂದದ್ದೊಂದು ಹೇಳಿದೆ. ಅವರು ನನ್ನ ಮುಖ ನೋಡಿ ಸೀಮೆಸುಣ್ಣ ಎತ್ತಿಕೊಂಡರು. ನಾನು ಮನೆಗೆ ಓಡಿದೆ. ಮೈಸೂರುಪಾಕ್ ಬರಲಿಲ್ಲ, ಯಾಕೆಂದು ಕೇಳುವ ಮುಖ ನನಗಿರಲಿಲ್ಲ. ಮುಂದೆ ನನ್ನ ಮದುವೆಯ ಬ್ಲೌಸುಗಳನ್ನೂ ಅವರೇ ಹೊಲಿದರು. ಇಬ್ಬರೂ ಆ ವಿಷಯ ಎತ್ತಲಿಲ್ಲ...

ಅಂಕಲ್ ತೀರಿಹೋಗಿ ವರ್ಷವಾಯಿತು. ಕಳೆದ ವಾರ ಆ ಖಾಲಿ ಅಂಗಡಿಯಲ್ಲಿ ಬೀರುವಿನ ಬಾಗಿಲು ತೆಗೆದೆ. ಮಾಸಿದ್ದರೂ ಗೆರೆಗಳಿದ್ದವು. ಆ ಹುಡುಗಿಯರವು ಸಾಲು ಮುಗಿದು ಇನ್ನೊಂದು ಸಾಲಿಗೆ ಇಳಿದಿದ್ದವು. ಒಂದನ್ನು ಬಿಟ್ಟು ಅಷ್ಟನ್ನೂ ಒಬ್ಬ ಮನುಷ್ಯ ತಪ್ಪದೆ ಕೂತು ಕೇಳಿದ್ದನಲ್ಲ ಎಂದು ನೋಡುತ್ತ ನಿಂತುಬಿಟ್ಟೆ.

ಹದಿನೈದನೆಯದು ಮಾತ್ರ ತುಂಡುತುಂಡಾಗಿತ್ತು. ಟ್ರಯಲ್‌ಗೆ ಮುಂಚೆ ಹಾಕುವ ಕಚ್ಚಾ ಹೊಲಿಗೆಯ ಹಾಗೆ. ಸರಿ ಎಂದು ಖಾತ್ರಿಯಾದರೆ ಗಟ್ಟಿ ಹೊಲಿಗೆ, ಇಲ್ಲದಿದ್ದರೆ ಬಿಚ್ಚುವುದು. ನಾನಾಗಿಯೇ ಬಂದು ಹೇಳಲಿ ಎಂದು ಇಷ್ಟು ವರ್ಷ ಹಾಗೇ ಬಿಟ್ಟಿದ್ದರು.

"ಕೇಳಿರ್ಲಿಲ್ಲ ಅಂಕಲ್" ಎಂದೆ, ಬಾಗಿಲಿಗೆ. ಸೀಮೆಸುಣ್ಣ ಕೈಯಲ್ಲೇ ಇತ್ತು. ಗೆರೆಯನ್ನು ಮುಟ್ಟಲಿಲ್ಲ.