ಎಣ್ಣೆ ಜಿನುಗಿದ ಕಲ್ಲು

ದೆವ್ವ, ಶಕುನ, ಪವಾಡ ಯಾವುದನ್ನೂ ನಾನು ನಂಬಿದವನಲ್ಲ. ನಂಬುವುದಾದರೂ ಹೇಗೆ? ನಂಜನಗೂಡಿನಿಂದ ನರಸೀಪುರದವರೆಗೆ ಜನ ಕಂಡ ದೆವ್ವಗಳಲ್ಲಿ ಅರ್ಧ ನಾನೇ. ಬಿಳಿ ಪಂಚೆ ಹೊದ್ದು ಮರ ಹತ್ತುವುದರಲ್ಲಿ ನನ್ನನ್ನು ಮೀರಿಸುವವನು ಆ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ನೀವೂ ಒಮ್ಮೆ ನನ್ನನ್ನು ಕಂಡು ಓಡಿರಬಹುದು.

ತೊಂಬತ್ತರ ದಶಕದ ಮಾತು. ಹದಿನಾರು ಎಂಬ ಹಳ್ಳಿಯಲ್ಲಿದ್ದ ನನ್ನಕ್ಕನ ಮಗ ಗುರುಸ್ವಾಮಿ ದೂರದ ಊರಲ್ಲಿ ಪೆಟ್ರೋಲಿಯಂ ಇಂಜಿನಿಯರಿಂಗ್ ಓದಿದ. "ಬಂಕ್ ಇಡಕ್ಕೆ ಇಷ್ಟೊಂದು ಓದ್ಬೇಕೇನ್ಲಾ?" ಎಂದು ರೇಗಿಸುತ್ತಿದ್ದೆ. "ಬಂಕಿಗೆ ಎಣ್ಣೆ ಎಲ್ಲಿಂದ ಬತ್ತದೆ ಮಾವ? ಅದ ತೆಗಿಯೋನು ನಾನು," ಅನ್ನುತ್ತಿದ್ದ. ಕೆಲಸ ಸಿಕ್ಕಿದ್ದು ಸಮುದ್ರದ ನಡುವೆ ನಿಂತು ತಳ ಕೊರೆಯುವ ರಿಗ್ಗಿನಲ್ಲಿ.

ಮೊದಲ ರಜೆಗೆ ಬಂದಾಗ, ತನ್ನ ಕೆಲಸ ಏನೆಂದು ಅವ್ವನಿಗೆ ತೋರಿಸಲು, ಸಮುದ್ರದಡಿಯಿಂದ ಕೊರೆದು ತೆಗೆದ ಕಲ್ಲೊಂದನ್ನು ತಂದ. ಗೇಣುದ್ದ, ಉರುಟು, ಕಪ್ಪಗೆ. ಅಕ್ಕ ಅದಕ್ಕೆ ವಿಭೂತಿ ಬಳಿದು ದೇವರ ಗೂಡಿನಲ್ಲಿ ನಿಲ್ಲಿಸಿದಳು. ಪಾತಾಳದಿಂದ ಎದ್ದ ಲಿಂಗವಂತೆ. ನಾನು ಸುಮ್ಮನಿರುವವನೇ? ಸೀಮೆಎಣ್ಣೆ ಸವರಿ, "ಅಕ್ಕಾ, ನಿನ್ ಲಿಂಗ ಎಣ್ಣೆ ಬುಡ್ತಾದೆ, ಕೊಡ ತಕೊಬಾ," ಎಂದೆ. ಅವಳು ನಿಜಕ್ಕೂ ಕೊಡ ತಂದಳು. ಊರೆಲ್ಲ ನಕ್ಕಿತು.

ಮುಂದಿನ ರಜೆ ಮುಗಿಸಿ ಅವನು ಹೊರಟ ಬೆಳಿಗ್ಗೆ, ಪೂಜೆಗೆ ಹೋದ ಅಕ್ಕ ಕೂಗಿದಳು. ಕಲ್ಲು ಒದ್ದೆಯಾಗಿತ್ತು. ವಿಭೂತಿ ಕರಗಿ, ಕಪ್ಪು ಜಿಡ್ಡು ಗೂಡಿನಿಂದ ಗೋಡೆಗಿಳಿದಿತ್ತು. ಮೂಸಿ ನೋಡಿದೆ. ಸೀಮೆಎಣ್ಣೆಯಲ್ಲ. ಕೊಳೆತ ಮೊಟ್ಟೆಯ ನಾತ.

"ಇವತ್ತು ಓಗ್ಬ್ಯಾಡ ಕಣಪ್ಪ," ಎಂದು ಅಕ್ಕ ಬೇಡಿಕೊಂಡಳು.

ಅವನು ಬೂಟು ಹಾಕಿಯಾಗಿತ್ತು. ದೇವರ ಗೂಡಿನ ಹತ್ತಿರ ಬರುವಂತಿರಲಿಲ್ಲ. ಹೊಸಿಲಾಚೆಯಿಂದಲೇ ನಕ್ಕ. "ಅಳೇ ಆಟ ಮಾವ, ಒಸದೇನಾರ ಕಲ್ತ್ಕೊ."

"ನಾನಲ್ಲ ಕಣ್ಲಾ, ನಿಮ್ಮವ್ವನಾಣೆ."

"ಓದ್ಸಲನೂ ಇದೇ ಆಣೆ ಇಟ್ಟಿದ್ದೆ," ಎಂದು ಬಸ್ಸಿಗೆ ಹೋದ. ಅಕ್ಕನೂ ನನ್ನದೇ ಕೀಟಲೆಯೆಂದು ನಂಬಿ, ಬೆನ್ನಿಗೆ ಗುದ್ದಿ ಕಣ್ಣೊರೆಸಿಕೊಂಡಳು.

ಆ ವಾರವೇ ಸುದ್ದಿ ಬಂತು. ಕೊರೆದ ಬಾವಿಯಿಂದ ವಿಷಗಾಳಿ ನುಗ್ಗಿತಂತೆ. ಹೆಣದ ಜೊತೆ ಬಂದಿದ್ದ ಅವನ ಗೆಳೆಯ ನನಗೆ ಹೇಳಿದ: ಆ ಗಾಳಿಗೆ ಕೊಳೆತ ಮೊಟ್ಟೆಯ ನಾತವಿರುತ್ತದೆ, ಹೆಚ್ಚಾದರೆ ಮೂಗೇ ಸತ್ತು, ನಾತವೂ ತಿಳಿಯುವುದಿಲ್ಲ.

ಕಲ್ಲು ಆಮೇಲೆ ಎಂದೂ ಜಿನುಗಲಿಲ್ಲ. ಅಕ್ಕನ ಕಣ್ಣು ತಪ್ಪಿಸಿ ಈಗಲೂ ಮೂಸುತ್ತೇನೆ. ಬರೀ ಒಣಕಲ್ಲು. ಅವತ್ತಿನದು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ.

ಅವನಿಗೆ ಎಡೆ ಇಡುವ ದಿನ ಅಕ್ಕ ಪ್ರತಿವರ್ಷ ಕೇಳುತ್ತಾಳೆ: "ದಿಟ ಏಳು, ಅವತ್ತು ಸವ್ರಿದ್ದು ನೀನೇ ತಾನೇ?"

ಶಿವನೇ ಎಚ್ಚರಿಸಿದ್ದ, ತಾನು ಮಗನನ್ನು ತಡೆಯಲಿಲ್ಲ ಎಂದು ತಿಳಿದರೆ ಅವಳು ಉಳಿಯುವುದಿಲ್ಲ.

"ನಾನೇ ಕಣಕ್ಕ," ಅನ್ನುತ್ತೇನೆ. ಮಾಡದ ಕೀಟಲೆಯನ್ನು ನನ್ನದೆಂದು ಹೇಳಿಕೊಂಡದ್ದು ಜೀವಮಾನದಲ್ಲಿ ಅದೊಂದೇ. ಅವಳು ಬಾಯಿ ತುಂಬ ಬೈದು, ಆಮೇಲೆ ಒಂದು ತುತ್ತು ಉಣ್ಣುತ್ತಾಳೆ.